ರಜಾಯಿಯೊಳಗಿನ ಬ್ಯಾಳಿ

ಔರಾದಿನ ಆ ಸರ್ಕಾರಿ ಶಾಲೆಯಲ್ಲಿ ಅಂಜನಾಬಾಯಿ ಬಿಸಿಯೂಟ ಮಾಡಲು ಹಿಡಿದು ಹತ್ತೊಂಬತ್ತು ವರ್ಷ ತುಂಬಿತ್ತು. ಅಷ್ಟರಲ್ಲಿ ಏಳು ಮಂದಿ ಹೆಡ್‌ಮಾಸ್ತರರು ಬಂದು ಹೋದರು, ಅಡುಗೆಕೋಣೆಯ ತಗಡು ಹೋಗಿ ಸ್ಲ್ಯಾಬ್ ಬಂತು, ಕಟ್ಟಿಗೆ ಒಲೆ ಹೋಗಿ ಗ್ಯಾಸ್ ಬಂತು. ಬದಲಾಗದೆ ಉಳಿದದ್ದು ಅವಳ ತೊಗರಿಬೇಳೆ ಸಾರು ಒಂದೇ. ಕೆಲಸಕ್ಕೆ ಸೇರಿದ ಮೊದಲ ವರ್ಷ ಹನ್ನೊಂದು ಮಕ್ಕಳು ಅವಳ ಕೈಯ ಊಟ ಒಲ್ಲೆವೆಂದು ಮನೆಯಿಂದ ಡಬ್ಬಿ ತರುತ್ತಿದ್ದರು. ಯಾಕೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಅವಳೂ ಕೇಳಲಿಲ್ಲ. ಕೇಳಿ ತಿಳಿಯುವಂಥದ್ದೇನೂ ಅದರಲ್ಲಿರಲಿಲ್ಲ. ಬೆಳ್ಳುಳ್ಳಿ ಜಜ್ಜಿ ಒಗ್ಗರಣೆ ಕೊಟ್ಟು, ಅಡುಗೆಕೋಣೆಯ ಬಾಗಿಲನ್ನು ಪೂರಾ ತೆರೆದಿಟ್ಟಳು, ಅಷ್ಟೇ. ದೀಪಾವಳಿ ರಜೆ ಬರುವುದರೊಳಗೆ ಹನ್ನೊಂದೂ ಡಬ್ಬಿ ನಿಂತುಹೋದವು. ಅಂದಿನಿಂದ ಬೇಳೆಯ ವಿಷಯದಲ್ಲಿ ಅವಳು ಯಾರ ಮಾತಿಗೂ ಸೊಪ್ಪು ಹಾಕಿದವಳಲ್ಲ.

ಅಂಥವಳ ಅಡುಗೆಕೋಣೆಗೆ ಆಗಸ್ಟ್ ತಿಂಗಳ ಒಂದು ಮಂಗಳವಾರ ಎಂಟನೇ ಇಯತ್ತೆಯ ಇಬ್ಬರು ಹುಡುಗಿಯರು ಗಡಿಯಾರ ಹಿಡಿದು ಬಂದು ನಿಂತರು. ಒಬ್ಬಳು ಪ್ರಣಾಲಿ. ಕಡ್ಡಿಯಂಥ ಹುಡುಗಿ, ಪ್ರಶ್ನೆ ಕೇಳಲು ಹತ್ತಿದರೆ ಮಾಸ್ತರರು ನೀರು ಕುಡಿಯುವ ನೆಪ ಮಾಡಿ ಹೊರಗೆ ಹೋಗುತ್ತಿದ್ದರು. ಇನ್ನೊಬ್ಬಳು ಅರ್ಶಿಯಾ, ಊರಲ್ಲಿ ಗಾದಿ, ಅರಳೆ ತುಂಬಿದ ರಜಾಯಿ ಹೊಲಿಯುವ ಇರ್ಫಾನನ ಮಗಳು. ಅವಳ ಬಾಯಿಂದ ದಿನಕ್ಕೆ ಹತ್ತು ಮಾತು ಬಂದರೆ ಹೆಚ್ಚು.

"ಆಯಿ, ನೀವು ಗ್ಯಾಸ್ ಹಚ್ಚಿದ್ದು ಒಂಬತ್ತೂವರಿಗಿ" ಎಂದಳು ಪ್ರಣಾಲಿ. "ಬ್ಯಾಳಿ ಇಳಿಸಿದ್ದು ಹನ್ನೊಂದು ಐದಕ್ಕ. ತೊಂಬತ್ತೈದು ನಿಮಿಷ ಆಯ್ತ್ರಿ."

"ಆಯ್ತು. ಏನೀಗ?"

"ಭೂಮಿ ಕಾಯ್ಲತ್ತದ ಆಯಿ."

ಅಂಜನಾಬಾಯಿ ಸೌಟು ಕೆಳಗಿಟ್ಟಳು. "ನನ್ನ ಒಲಿಯಿಂದ?"

"ಬರೀ ನಿಮ್ಮ ಒಲಿಯಿಂದ ಅಲ್ಲ್ರಿ. ಲಾರಿಯಿಂದ, ಫ್ಯಾಕ್ಟರಿಯಿಂದ, ಎಲ್ಲಾರ ಮನಿ ಒಲಿಯಿಂದ. ಆದ್ರ ನಮ್ಮ ಸಾಲ್ಯಾಗ ಎಲ್ಲಕ್ಕಿಂತ ಹೆಚ್ಚು ಉರಿಯೋದು ನಿಮ್ಮ ಒಲಿನೇ ಅದ. ನಾವು ಲೆಕ್ಕ ಮಾಡೀವಿ."

ಇನ್ನೂರು ಮಕ್ಕಳಿಗೆ ಬಡಿಸುವುದಿತ್ತು, ಇಲ್ಲವಾದರೆ ಅಂಜನಾಬಾಯಿ ಆ ಕ್ಷಣವೇ ಪಂಚಾಯತಿ ಕೂಡಿಸುತ್ತಿದ್ದಳು. ಬಡಿಸಿ, ಪಾತ್ರೆ ತೊಳೆಸಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ನೇರ ಎಂಟನೇ ಇಯತ್ತೆಗೆ ನಡೆದಳು. ವಿಜ್ಞಾನದ ವಹೀದಾ ಟೀಚರ್ ಪಾಠ ಮಾಡುತ್ತಿದ್ದರು.

"ಟೀಚರ್, ಹತ್ತೊಂಬತ್ತು ವರ್ಷ ನಿಮ್ಮ ಮಕ್ಕಳಿಗಿ ಉಣ್ಣಿಸೀನಿ. ಈಗ ನಾನು ಭೂಮಿಗಿ ಬೆಂಕಿ ಹಚ್ಚೀನಿ ಅಂತ ಹೇಳ್ಲತ್ತಾರ."

ವಹೀದಾ ಟೀಚರ್ ನಗು ನುಂಗಿಕೊಂಡರು. "ಬರ್ರಿ ಅಂಜನಾಬಾಯಿ, ಕೂಡ್ರಿ. ಪಾಠ ನೀವೂ ಕೇಳ್ರಿ, ಆಮ್ಯಾಲ ಬೈಯ್ರಿ" ಎಂದರು.

ಅಂಜನಾಬಾಯಿ ಹಿಂದಿನ ಬೆಂಚಿನಲ್ಲಿ, ಮೊಣಕಾಲು ಡೆಸ್ಕಿಗೆ ತಾಗುತ್ತಿದ್ದರೂ, ಮುಖ ಬಿಗಿದುಕೊಂಡು ಕೂತಳು. ಟೀಚರ್ ಹಲಗೆಯ ಮೇಲೊಂದು ದುಂಡನೆಯ ಭೂಮಿ ಬರೆದು, ಅದರ ಸುತ್ತ ಒಂದು ಗೆರೆ ಎಳೆದರು. ಭೂಮಿಗೆ ಗಾಳಿಯದೊಂದು ತೆಳು ಹೊದಿಕೆಯಿದೆ. ನಾವು ಕಲ್ಲಿದ್ದಲು, ಡೀಸೆಲ್, ಗ್ಯಾಸ್ ಸುಟ್ಟಷ್ಟೂ ಅದು ದಪ್ಪವಾಗುತ್ತ ಹೋಗುತ್ತದೆ. ಬಿಸಿ ಒಳಗೇ ಉಳಿಯುತ್ತದೆ ಎಂದರು. "ಬ್ಯಾಸಗಿಯಾಗ ಚಾದರ ಹೊದ್ದು ಮಲಗಿದವರ ಮ್ಯಾಲ ಯಾರರೆ ರಜಾಯಿ ಹೊಚ್ಚಿದ್ರ ಹ್ಯಾಂಗ ಆಗ್ತದ? ಹಂಗ." ಮೇ ತಿಂಗಳಲ್ಲಿ ಅಡುಗೆಕೋಣೆಯ ಗೋಡೆ ಸಹ ಮುಟ್ಟಲಾಗದಷ್ಟು ಕಾದಿದ್ದು ಅಂಜನಾಬಾಯಿಗೆ ನೆನಪಾಯಿತು.

ಮಕ್ಕಳೆಲ್ಲ ಆ ವಾರ ಒಂದೊಂದು ಸಂಕಲ್ಪ ಬರೆಯಬೇಕಿತ್ತು: ಯಾವ ಶಕ್ತಿ ಉಳಿಸುತ್ತೇವೆ, ಹೇಗೆ ಉಳಿಸುತ್ತೇವೆ ಎಂದು. ಫ್ಯಾನ್ ಬಂದ್ ಮಾಡ್ತೇವೆ ಎಂದು ಅರ್ಧ ಕ್ಲಾಸು ಬರೆದಿತ್ತು. "ನಾವು ಬಂದ್ ಮಾಡೋಕಿಂತ ಮೊದಲೇ ಕರೆಂಟ್ ಹೋಗಿರ್ತದಲ್ರಿ ಟೀಚರ್" ಎಂದು ಒಬ್ಬ ಹುಡುಗ ಹೇಳಿದ್ದಕ್ಕೆ ಎಲ್ಲರೂ ನಕ್ಕಿದ್ದರು. ಪ್ರಣಾಲಿ ಮಾತ್ರ ಗಡಿಯಾರ ಹಿಡಿದು ಶಾಲೆಯೆಲ್ಲ ಸುತ್ತಿ, ಅಡುಗೆಕೋಣೆಗೆ ಬಂದು ನಿಂತಿದ್ದಳು.

"ಒಲಿ ಆರಿಸಿದ್ರ ಬ್ಯಾಳಿ ಹ್ಯಾಂಗ ಬೇಯ್ತದ? ನೀವೇ ಹೇಳ್ರಿ" ಎಂದು ಅಂಜನಾಬಾಯಿ ಸವಾಲು ಹಾಕಿದಳು.

ಪ್ರಣಾಲಿ ತನ್ನ ಲೆಕ್ಕದ ಹಾಳೆ ತಿರುವತೊಡಗಿದಳು. ಆಗ ಅರ್ಶಿಯಾ ಎದ್ದು ನಿಂತಳು. ಅವಳು ತಾನಾಗಿ ಎದ್ದು ನಿಂತದ್ದು ಆ ವರ್ಷ ಅದೇ ಮೊದಲು.

"ರಜಾಯಿ ಹೊಚ್ಚಿದ್ರ ಭೂಮಿನೇ ಕಾಯ್ತದ ಅಂದ್ರ... ಬ್ಯಾಳಿ ಭಗೋಣಿಗಿ ಹೊಚ್ಚಿದ್ರ?"

ವಹೀದಾ ಟೀಚರ್ ಕೈಲಿದ್ದ ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟರು.

ಮರುವಾರವೇ ಪ್ರಯೋಗ ನಡೆಯಿತು. ಇರ್ಫಾನನ ಅಂಗಡಿಯ ಹಳೇ ಅರಳೆ, ಹರಿದ ಒಂದು ರಜಾಯಿ, ಒಂದು ರಟ್ಟಿನ ಡಬ್ಬ. ಹುಡುಗಿಯರು ಸಣ್ಣ ಪಾತ್ರೆಯಲ್ಲಿ ಎರಡು ಮುಷ್ಟಿ ಬೇಳೆ ಕುದಿಸಿ, ಡಬ್ಬದಲ್ಲಿಟ್ಟು ಮುಚ್ಚಿದರು. ಹತ್ತು ನಿಮಿಷಕ್ಕೊಮ್ಮೆ ತೆಗೆದು ನೋಡಿದರು. ಮಧ್ಯಾಹ್ನ ತೆಗೆದಾಗ ಬೇಳೆ ಉಗುರುಬೆಚ್ಚಗೆ, ಕಾಳು ಕಾಳಾಗಿ, ನೀರಲ್ಲಿ ನಿಂತಿತ್ತು. ಅಂಜನಾಬಾಯಿ ಒಂದು ಕಾಳು ಹಲ್ಲಿಗಿಟ್ಟು ಕಟಕ್ ಎನಿಸಿದಳು. ಅಡುಗೆಕೋಣೆಯ ಸಹಾಯಕಿ ಸುಭದ್ರಾಬಾಯಿ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಇಬ್ಬರು ಹುಡುಗಿಯರ ಮುಖವೂ ಸಣ್ಣಗಾಯಿತು.

ಗೆದ್ದವಳು ಅಂಜನಾಬಾಯಿ. ಗೆದ್ದ ಮೇಲೆ ಖುಷಿಯಾಗಬೇಕಿತ್ತು. ಆದರೆ ಮನೆಗೆ ಹೋಗುವ ದಾರಿಯುದ್ದಕ್ಕೂ ಆ ಅರೆಬೆಂದ ಬೇಳೆ ಹಲ್ಲಿನ ಸಂದಿಯಲ್ಲಿ ಸಿಕ್ಕಂತೆ ಅವಳ ತಲೆಯಲ್ಲಿ ಸಿಕ್ಕುಬಿದ್ದಿತ್ತು. ಬೇಳೆಗೆ ಇಂಥ ಅವಮಾನ ಆಗಬಾರದು ಅನಿಸಿತು. ಪಾತ್ರೆ ಸಣ್ಣದಾಯಿತು. ನೆನೆಹಾಕಲಿಲ್ಲ. ಎಣ್ಣೆ, ಅರಿಶಿಣ ಬೀಳಲಿಲ್ಲ. ರಟ್ಟು ಎಂದಾದರೂ ಬಿಸಿ ಹಿಡಿದೀತೇ? ಅದಕ್ಕಿಂತ ಹೆಚ್ಚಾಗಿ...

ಮರುದಿನ ಬೆಳಿಗ್ಗೆ ಅವಳೇ ಎಂಟನೇ ಇಯತ್ತೆಯ ಕಿಟಕಿಯಲ್ಲಿ ಮುಖ ಹಾಕಿದಳು.

"ಏ ಪ್ರಣಾಲಿ! ಬಾಣಂತಿ ಕೋಲಿ ಬಾಗಿಲಾ ಹತ್ತು ನಿಮಿಷಕ್ಕೊಮ್ಮೆ ತೆಗೀತಾರೇನು? ಮುಚ್ಚಿದ್ರ ಮುಚ್ಚಬೇಕು. ನನ್ನ ಇಪ್ಪತ್ತು ಸೇರಿನ ಭಗೋಣಿ ತಗೋಳ್ರಿ. ಬ್ಯಾಳಿ ನಾನು ಹಾಕ್ತೇನಿ. ಪೆಟ್ಟಿಗಿ ನೀವು ಮಾಡ್ರಿ."

ಅಲ್ಲಿಂದ ಎರಡು ತಿಂಗಳು ಆ ಶಾಲೆಯಲ್ಲಿ ನಡೆದದ್ದು ಒಂದು ಜಾತ್ರೆಗೆ ಕಡಿಮೆಯಿರಲಿಲ್ಲ. ಕಟ್ಟಿಗೆ ಅಡ್ಡೆಯಿಂದ ಹಲಗೆ ತಂದು ಮಕ್ಕಳು ಪೆಟ್ಟಿಗೆ ಬಡಿದರು. ತಳಕ್ಕೆ ಜೋಳದ ಹೊಟ್ಟು, ಸುತ್ತ ಅರಳೆ. ಇರ್ಫಾನ ತಾನೇ ಬಂದು ಭಗೋಣಿಯ ಅಳತೆ ತೆಗೆದುಕೊಂಡು ಅದಕ್ಕೆ ಸರಿಯಾಗಿ ಒಂದು ರಜಾಯಿ ಹೊಲಿದುಕೊಟ್ಟ. "ಮನಷ್ಯಾರಿಗಿ ಬಹಳ ಹೊಲಿದೀನಿ, ಭಗೋಣಿಗಿ ಇದೇ ಪೈಲೇ" ಎಂದು ನಕ್ಕ. ಒಂದು ದಿನ ಬೇಳೆ ಹಸಿಯಾಯಿತು, ಒಂದು ದಿನ ಮುದ್ದೆಯಾಯಿತು. ಏಳನೆಯ ಸಲ, ಒಂದು ಗುರುವಾರ, ಹದಿನೆಂಟು ನಿಮಿಷ ಕುದಿಸಿ, ಒಗ್ಗರಣೆಯನ್ನೂ ಆಗಲೇ ಕೊಟ್ಟು, ಮುಚ್ಚಿ, ಮೂರು ತಾಸು ಯಾರೂ ಮುಟ್ಟದಂತೆ ಪೆಟ್ಟಿಗೆಯ ಮೇಲೆ ಅಂಜನಾಬಾಯಿ ತಾನೇ ಕೂತಳು. ತೆಗೆದರೆ ಭಗ್ಗೆಂದು ಹಬೆ. ಬೇಳೆ ಬೆರಳಿಗೆ ಬೆಣ್ಣೆಯಾಗಿ ಹತ್ತಿತು. ಅಂಜನಾಬಾಯಿ ಒಂದು ಸೌಟು ಕುಡಿದಳು. ಮತ್ತೊಂದು ಸೌಟು ಕುಡಿದಳು.

"ಏನಂತೀರಿ ಆಯಿ?"

"ಏನಂತೇನಿ? ಕುಕ್ಕರಿನ ಬ್ಯಾಳಿ ಸೀಟಿ ಕೇಳಿ ಹೆದರಿ ಮೆತ್ತಗಾಗ್ತದ. ಇದು ಮಲಗಿ ಎದ್ದದ."

ತೊಂಬತ್ತೈದು ನಿಮಿಷ ಉರಿಯುತ್ತಿದ್ದ ಒಲೆ ಈಗ ಹದಿನೆಂಟಕ್ಕೆ ಆರುತ್ತಿತ್ತು. ವಹೀದಾ ಟೀಚರ್ ಪೆಟ್ಟಿಗೆಯನ್ನು ಬೀದರಿನ ವಿಜ್ಞಾನ ಪ್ರದರ್ಶನಕ್ಕೆ ಕಳಿಸಲು ಹೆಸರು ಬರೆಸಿದರು. ಆದರೆ ಪ್ರಣಾಲಿ ಹಟ ಹಿಡಿದಳು: ಖಾಲಿ ಪೆಟ್ಟಿಗೆ ತೋರಿಸಿದರೆ ಯಾರು ನಂಬುತ್ತಾರೆ? ಬೆಳಿಗ್ಗೆ ಔರಾದಿನಲ್ಲಿ ಕುದಿಸಿ ಮುಚ್ಚೋಣ, ಬಸ್ಸಿನಲ್ಲೇ ಬೇಯಲಿ, ಬೀದರಿನಲ್ಲಿ ಎಲ್ಲರ ಕಣ್ಣೆದುರು ತೆಗೆಯೋಣ. "ಭಗೋಣಿ ಹೋದಲ್ಲಿ ನಾನೂ ಹೋಗ್ತೇನಿ" ಎಂದಳು ಅಂಜನಾಬಾಯಿ. ಶಾಲೆಯ ಅಡುಗೆಯನ್ನು ಅವತ್ತೊಂದು ದಿನ ಸುಭದ್ರಾಬಾಯಿಗೆ ಒಪ್ಪಿಸಿ, ಮೂರು ಸಲ ಉಪ್ಪಿನ ಅಳತೆ ಹೇಳಿ, ಐವತ್ತು ಜೋಳದ ಕಟಕ ರೊಟ್ಟಿ ಕಟ್ಟಿಕೊಂಡು ಹೊರಟಳು.

ನವೆಂಬರಿನ ಚಳಿಯಲ್ಲಿ ಏಳೂವರೆಗೆ ಭಗೋಣಿ ಪೆಟ್ಟಿಗೆ ಸೇರಿತು. ಟೀಚರ್, ಇಬ್ಬರು ಹುಡುಗಿಯರು, ಅಂಜನಾಬಾಯಿ ನಾಲ್ಕೂ ಜನ ನಾಲ್ಕು ಮೂಲೆ ಹಿಡಿದು ಬಸ್‌ಸ್ಟ್ಯಾಂಡಿಗೆ ಬಂದರೆ, ನೇರ ಬೀದರಿಗೆ ಹೋಗುವ ಬಸ್ಸಿನಲ್ಲಿ ಸೂಜಿ ಹಾಕಲು ಜಾಗವಿಲ್ಲ. ಬಾಗಿಲಲ್ಲೇ ಜನ ಜೋತಾಡುತ್ತಿದ್ದರು. ಅದು ಹೊರಟೇ ಹೋಯಿತು. ಮುಂದಿನದಕ್ಕೆ ಕಾದರೆ ತಡ. ಕಮಲನಗರದ ಮೇಲಿಂದ ಭಾಲ್ಕಿಗೆ ಹೋಗುವ ಬಸ್ಸು ಎದುರಿಗೇ ನಿಂತಿತ್ತು. ಸುತ್ತಾದರೂ ಸರಿ, ಭಾಲ್ಕಿಯಲ್ಲಿ ಬದಲಿಸೋಣ ಎಂದರು ಟೀಚರ್.

ಕಂಡಕ್ಟರ್ ಮಾಣಿಕ ಪೆಟ್ಟಿಗೆಯನ್ನು ನೋಡಿ ಹಣೆ ಉಜ್ಜಿಕೊಂಡ. "ಹೆಂಗಸರಿಗಿ ಫ್ರೀ ಅದ್ರಿ. ಪೆಟ್ಟಿಗಿ ಹೆಣ್ಣೋ ಗಂಡೋ?"

"ಒಳಗಿದ್ದವಳು ಬ್ಯಾಳಿ" ಎಂದಳು ಅಂಜನಾಬಾಯಿ. "ಹೆಂಗಸೇ. ಮಲಗ್ಯಾಳ, ಎಬ್ಬಿಸಬ್ಯಾಡ."

ಬಸ್ಸೆಲ್ಲ ನಕ್ಕಿತು. ಪೆಟ್ಟಿಗೆ ಡ್ರೈವರನ ಹಿಂದಿನ ಜಾಗದಲ್ಲಿ ಕೂತಿತು. ಕಮಲನಗರದಲ್ಲಿ ಹತ್ತಿದ ಮರಾಠಿ ಮಾತಾಡುವ ಹೆಂಗಸರು, ಒಳಗೆ ಏನಿದೆ ಎಂದು ಕೇಳಿದರು, ಹುಡುಗಿಯರು ಹೇಳಿದರು, ಅವರು ನಂಬದೆ ಒಬ್ಬೊಬ್ಬರಾಗಿ ಪೆಟ್ಟಿಗೆಯ ಹಲಗೆ ಮುಟ್ಟಿ ನೋಡಿದರು. ಹಲಗೆ ತಣ್ಣಗಿತ್ತು. "ಥಂಡ ಆಹೇ" ಎಂದು ತಲೆ ಅಲ್ಲಾಡಿಸಿದರು. "ಬಿಸಿ ಹೊರಗ ಬಂದ್ರ ಕೆಟ್ಟಿತು ಅಂತ ಅರ್ಥ, ಒಳಗ ಉಳಿದಾದ ನೋಡ್ರಿ" ಎಂದು ಅರ್ಶಿಯಾ ಹೇಳಿದಳು. ಇಷ್ಟುದ್ದ ಮಾತಾಡಿದ್ದಕ್ಕೆ ತಾನೇ ನಾಚಿದಳು.

ಆದರೆ ಭಾಲ್ಕಿಗೆ ಇನ್ನೂ ಎರಡು ಕಿಲೋಮೀಟರು ಇರುವಾಗ ಬಸ್ಸು ಒಂದು ದೊಡ್ಡ ತಗ್ಗಿಗೆ ಧಡ್ಡನೆ ಬಿತ್ತು. ಪೆಟ್ಟಿಗೆ ಒಂದು ಗೇಣು ಹಾರಿ ಕೂತಿತು. ಭಾಲ್ಕಿ ಬಸ್‌ಸ್ಟ್ಯಾಂಡಿನಲ್ಲಿ ಇಳಿಸಿ ಬೆಂಚಿನ ಪಕ್ಕ ಇಟ್ಟಾಗ ಬೆಳ್ಳುಳ್ಳಿಯ ವಾಸನೆ ಬರತೊಡಗಿತ್ತು. ಅಂಜನಾಬಾಯಿ ಪೆಟ್ಟಿಗೆಯ ಮೇಲ್ಹಲಗೆ ಸರಿಸಿ ರಜಾಯಿಗೆ ಕೈಹಾಕಿದಳು. ಬಿಸಿ, ಒದ್ದೆ.

"ಮುಚ್ಚಳ ಸರಿದಾದ" ಎಂದಳು. "ಹಬಿ ಹೊರಗ ಹೊಂಟಾದ."

ಪ್ರಣಾಲಿಯ ಕಣ್ಣು ತುಂಬಿದವು. "ತೆಗೆದು ಸರಿ ಮಾಡಿದ್ರ ಇದ್ದ ಬಿಸಿನೂ ಹೋಗ್ತದ. ತೆಗೀಲಿಲ್ಲಂದ್ರೂ ಹೋಗ್ತದ."

"ಏನದ ಅಮ್ಮಾ ಪೆಟ್ಟಿಗ್ಯಾಗ? ಮದವಿ ಅಡಗಿ ವಾಸನಿ ಬರ್ಲತ್ತದ."

ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಿದ್ದ ಮುದುಕಿ ಕೇಳಿದಳು. ದಪ್ಪ ಕನ್ನಡಕ, ಮಡಿಲಲ್ಲಿ ಬಟ್ಟೆ ಸುತ್ತಿದ ಮೂರು ಉದ್ದನೆಯ ಸೌಟು. ಹೆಸರು ಖುರ್ಷಿದ ಬೇಗಂ. ಬೀದರಿನ ಚೌಬಾರಾ ಹತ್ತಿರದವಳು, ನಲವತ್ತು ವರ್ಷದಿಂದ ಮದುವೆ ಮನೆಗಳಲ್ಲಿ ಅಡುಗೆ ಮಾಡುವುದೇ ಕಸುಬು. ಭಾಲ್ಕಿಯಲ್ಲೊಂದು ಮದುವೆ ಮುಗಿಸಿ ಊರಿಗೆ ಹೊರಟಿದ್ದಳು.

ಅಂಜನಾಬಾಯಿ ಎರಡೇ ಮಾತಿನಲ್ಲಿ ಹೇಳಿದಳು. ಖುರ್ಷಿದ ಬೇಗಂ ಕನ್ನಡಕ ಮೇಲೇರಿಸಿದಳು.

"ಅಂದ್ರ ಹಬಿ ಒಳಗೇ ಹಿಡಿದು ದಮ್ ಹಚ್ಚೀರಿ. ಮತ್ತ ಮುಚ್ಚಳಕ್ಕ ಹಿಟ್ಟು ಮೆತ್ತಿಲ್ಲ ಕೈಕು, ಯಾಕ? ಹಿಟ್ಟಿಲ್ಲದ ದಮ್ ಎಲ್ಲರ ಕೇಳೀರೇನು?" ಅರ್ಶಿಯಾಳ ಕಡೆ ತಿರುಗಿದಳು. "ಬೇಟಿ, ಓಡು. ಅಲ್ಲಿ ಪೂರಿ ಮಾಡ್ಲತ್ತಾನಲ್ಲ, ಅವನ ಹಂತ್ಯಾಕಿಂದ ಒಂದು ಮುಷ್ಟಿ ನಾದಿದ ಹಿಟ್ಟು ತಗೊಂಡು ಬಾ. ಖುರ್ಷಿದ ಬೇಗಂ ಕೇಳ್ಯಾಳ ಅನ್ನು."

ಹಿಟ್ಟು ಬಂತು. ಖುರ್ಷಿದ ಬೇಗಂ ಅದನ್ನು ಬೆಂಚಿನ ಮೇಲೆ ಹಾವಿನ ಹಾಗೆ ಹೊಸೆದಳು. "ನಾನು ಏಕ್ ದೋ ತೀನ್ ಅಂತೇನಿ. ನೀ ರಜಾಯಿ ಎತ್ತು, ನಾ ಮೆತ್ತತೇನಿ" ಎಂದು ಅಂಜನಾಬಾಯಿಗೆ ಹೇಳಿದಳು. ಇಬ್ಬರು ಹೆಂಗಸರ ನಾಲ್ಕು ಕೈ ಪೆಟ್ಟಿಗೆಯೊಳಗೆ ಇಳಿದವು. ಒಬ್ಬಳು ಮುಚ್ಚಳ ಸರಿಗೂಡಿಸಿ ಒತ್ತಿ ಹಿಡಿದಳು, ಇನ್ನೊಬ್ಬಳು ಅದರ ಅಂಚಿಗೆ ಹಿಟ್ಟು ಸುತ್ತಿ ಬೆರಳಿಂದ ಒತ್ತುತ್ತ ಹೋದಳು. ಉಸಿರು ಬಿಡುವುದರೊಳಗೆ ರಜಾಯಿ ಮತ್ತೆ ಮುಚ್ಚಿತ್ತು. ಪ್ರಣಾಲಿ ಗಡಿಯಾರ ನೋಡಿ, "ನಲವತ್ತು ಸೆಕೆಂಡ್ ಆಯ್ತ್ರಿ" ಎಂದಳು, ಮೂಗು ಎಳೆದುಕೊಳ್ಳುತ್ತಲೇ.

ಬೀದರಿನ ಬಸ್ಸು ಬಂದಾಗ ಖುರ್ಷಿದ ಬೇಗಂ ಅವರ ಜೊತೆಗೇ ಹತ್ತಿ, ಪೆಟ್ಟಿಗೆಯ ಪಕ್ಕದ ಸೀಟಿನಲ್ಲೇ ಕೂತಳು. "ಕೆಳಗ ಕೆಂಡ, ಮ್ಯಾಲ ಕೆಂಡ ಇಟ್ಟು ದಮ್ ಹಚ್ಚಾಕಿ ನಾನು. ಒಂದು ಕಿಡಿನೂ ಇಲ್ಲದ ಬ್ಯಾಳಿ ಬೇಯ್ತದ ಅಂದ್ರ ನನಗ ನಂಬಿಕಿ ಇಲ್ಲ."

"ನನಗೂ ಇರಲಿಲ್ಲ" ಎಂದಳು ಅಂಜನಾಬಾಯಿ.

ಆಮೇಲೆ ಬೀದರಿನವರೆಗೂ ಆ ಇಬ್ಬರ ಮಾತು ನಿಲ್ಲಲಿಲ್ಲ. ತೊಗರಿ ಯಾವ ಹೊಲದ್ದು ಬೇಗ ಬೇಯುತ್ತದೆ, ಬೀದರಿನ ಗಾಂಧಿ ಗಂಜ ಪೇಟೆಯಲ್ಲಿ ಯಾರ ಅಂಗಡಿಯ ಬೇಳೆ ಹಳೇದು, ಹುಣಸೆಹಣ್ಣು ಮೊದಲು ಹಾಕಿದರೆ ಬೇಳೆ ಯಾಕೆ ಗಟ್ಟಿಯಾಗುತ್ತದೆ. ಬೀದರಿನಲ್ಲಿ ಇಳಿದಾಗ ಖುರ್ಷಿದ ಬೇಗಂ ತನ್ನ ಮನೆಯ ಕಡೆಯ ಆಟೋ ಹಿಡಿಯಲಿಲ್ಲ. "ಮುಚ್ಚಳ ನಾ ಮೆತ್ತೀನಿ, ನಾನೇ ಬಿಚ್ಚಬೇಕು" ಎಂದು ಅವರ ಆಟೋದಲ್ಲೇ ಸೌಟುಗಳ ಸಮೇತ ತುರುಕಿಕೊಂಡಳು.

ಪ್ರದರ್ಶನ ನಡೆಯುತ್ತಿದ್ದ ಸಭಾಂಗಣದಲ್ಲಿ ನೂರು ಮೇಜು. ಥರ್ಮಾಕೋಲಿನ ಭೂಮಿಗಳು, ತಿರುಗುವ ಗಾಳಿಯಂತ್ರ, ಮಿಣುಕುವ ಬಲ್ಬು. ಔರಾದಿನ ಮೇಜಿನ ಮೇಲೆ ಒಂದು ಚೀಟಿ ಅಂಟಿಸಿತ್ತು: ಗೈರುಹಾಜರು. ತೀರ್ಪುಗಾರರು ಆ ಸಾಲನ್ನು ಆಗಲೇ ದಾಟಿ ಹೋಗಿದ್ದರು. ವ್ಯವಸ್ಥೆ ನೋಡುತ್ತಿದ್ದ ಸಾಹೇಬರು ಒಳ್ಳೆಯವರೇ, ಆದರೆ ನಿಯಮದ ಮನುಷ್ಯ. "ಹತ್ತು ಗಂಟೆಗೆ ಅಂತ ಬರೆದಿತ್ತಲ್ರಿ ಮೇಡಂ. ಈ ಸಾಲಿನ ಅಂಕದ ಪಟ್ಟಿ ಹೋಗಿಬಿಟ್ಟಿದೆ" ಎಂದರು. ವಹೀದಾ ಟೀಚರ್ ಬಸ್ಸಿನ ಕಥೆ ಹೇಳಿದರು, ಕಮಲನಗರದ ಕಥೆ ಹೇಳಿದರು, ಪ್ರಯೋಜನವಾಗಲಿಲ್ಲ. ಪ್ರಣಾಲಿ ಆ ಚೀಟಿಯನ್ನು ನೋಡುತ್ತ ನಿಂತುಬಿಟ್ಟಳು. ಎರಡು ತಿಂಗಳು ಗಡಿಯಾರ ಹಿಡಿದ ಹುಡುಗಿ ತಾಸೆರಡು ತಾಸಿನಲ್ಲಿ ಸೋತಿದ್ದಳು.

ಅಂಜನಾಬಾಯಿಗೆ ಅಂಕ, ಪಟ್ಟಿ ಒಂದೂ ತಿಳಿಯಲಿಲ್ಲ. ತಿಳಿದದ್ದು ಒಂದೇ: ಮಧ್ಯಾಹ್ನ ಹನ್ನೆರಡಾಗಿದೆ, ಸುತ್ತ ನೂರಾರು ಮಕ್ಕಳಿದ್ದಾರೆ, ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟ ಮುಖಗಳು.

"ನಡೀರಿ, ಪೆಟ್ಟಿಗಿ ಎತ್ತಿ ಮ್ಯಾಲಿಡ್ರಿ" ಎಂದಳು. "ಅಂಕ ಹೋಗ್ಲಿ. ಬ್ಯಾಳಿ ಯಾಕ ಕೆಡಸಬೇಕು?"

ಖುರ್ಷಿದ ಬೇಗಂ ತೋಳೇರಿಸಿ ಮುಂದೆ ಬಂದಳು. ರಜಾಯಿ ತೆಗೆದರು. ಹಿಟ್ಟು ಗಟ್ಟಿಯಾಗಿ ಮುಚ್ಚಳ ಹಿಡಿದು ಕೂತಿತ್ತು. ಅವಳು ಸೌಟಿನ ಹಿಡಿಯಿಂದ ಸುತ್ತಲೂ ತಟ್ಟಿ, ಬಿಸ್ಮಿಲ್ಲಾ ಎಂದು ಮುಚ್ಚಳ ಎತ್ತಿದಳು.

ಬೆಳ್ಳಗಿನ ಹಬೆ ಕಂಬದ ಹಾಗೆ ಎದ್ದಿತು. ಅದರ ಹಿಂದೆ ಬೆಳ್ಳುಳ್ಳಿ, ಜೀರಿಗೆ, ಕರಿಬೇವಿನ ವಾಸನೆ ಎದ್ದು ಸಭಾಂಗಣದ ಕೊನೆಯ ಮೇಜಿನವರೆಗೆ ಹರಡಿತು. ಬೇಳೆ ಬಂಗಾರದ ಬಣ್ಣಕ್ಕೆ ತಿರುಗಿ, ಒಂದು ಕಾಳೂ ಕಾಣದ ಹಾಗೆ ಕರಗಿತ್ತು. ಖುರ್ಷಿದ ಬೇಗಂ ಸೌಟು ಇಳಿಸಿ ಎತ್ತಿ, ಧಾರೆ ಹೇಗೆ ಬೀಳುತ್ತದೆ ನೋಡಿದಳು. ಎರಡು ಬೆರಳ ನಡುವೆ ಒಂದು ಹನಿ ಹಿಸುಕಿದಳು. ನಾಲಗೆಗೆ ಇಟ್ಟಳು. ಹುಡುಗಿಯರು ಅವಳ ಮುಖವನ್ನೇ ನೋಡುತ್ತಿದ್ದರು.

"ಅಂಜನಾ" ಎಂದಳು, ಹೆಸರಿನ ಕೊನೆಯ 'ಬಾಯಿ'ಯನ್ನೂ ಬಿಟ್ಟು, ತಂಗಿಯನ್ನು ಕರೆದ ಹಾಗೆ. "ನಲವತ್ತು ವರ್ಷ ನಾ ಇದ್ದಲಿ ಸುಡ್ಲತ್ತೀನಲ್ಲ!"

ಮೊದಲು ಪಕ್ಕದ ಮೇಜಿನ ಮಕ್ಕಳು ಬಂದರು. ಆಮೇಲೆ ಎದುರು ಸಾಲಿನವರು. ಗಾಳಿಯಂತ್ರದ ಹುಡುಗರು ಯಂತ್ರವನ್ನು ತಿರುಗಲು ಬಿಟ್ಟು ಬಂದರು. ಅಂಜನಾಬಾಯಿ ರೊಟ್ಟಿ ಮುರಿದು ಮುರಿದು ಕೈಗೆ ಕೊಟ್ಟಳು, ಖುರ್ಷಿದ ಬೇಗಂ ಅದರ ಮೇಲೆ ಬೇಳೆ ಸುರಿದಳು. ಪ್ರಣಾಲಿ ಕಣ್ಣೊರೆಸಿಕೊಂಡು, ಬಂದ ಒಬ್ಬೊಬ್ಬರಿಗೂ ಪೆಟ್ಟಿಗೆಯ ಒಳಗನ್ನು ತೋರಿಸಿ ವಿವರಿಸತೊಡಗಿದಳು: ಎಷ್ಟು ಹೊಟ್ಟು, ಎಷ್ಟು ಅರಳೆ, ದಿನಕ್ಕೆ ಎಷ್ಟು ನಿಮಿಷದ ಗ್ಯಾಸ್ ಉಳಿಯಿತು, ಅದರಿಂದ ಎಷ್ಟು ಹೊಗೆ ಕಡಿಮೆ. ಅವಳು ತಡವರಿಸಿದಲ್ಲೆಲ್ಲ ಅರ್ಶಿಯಾ ಮುಂದುವರಿಸಿದಳು.

ಆ ಹೊತ್ತಿಗೆ ಸಭಾಂಗಣದ ಆ ಕಡೆ ಯಾವ ಮೇಜಿನಲ್ಲೂ ವಿವರಿಸುವವರೇ ಉಳಿದಿರಲಿಲ್ಲ. ತೀರ್ಪುಗಾರರು ಮೂವರೂ ಜನ ಎಲ್ಲಿ ಹೋದರೆಂದು ಹುಡುಕಿಕೊಂಡು ಬಂದರು. ಅವರಲ್ಲೊಬ್ಬರು, ಭಾಲ್ಕಿ ಕಾಲೇಜಿನ ಭೌತಶಾಸ್ತ್ರದ ನಾಗಸೇನ ಸರ್, ಕಿಸೆಯಿಂದ ಉಷ್ಣಮಾಪಕ ತೆಗೆದು ಭಗೋಣಿಗೆ ಇಳಿಸಿದರು.

"ಎಪ್ಪತ್ತಾರು ಡಿಗ್ರಿ! ಯಾವಾಗ ಒಲೆಯಿಂದ ಇಳಿಸಿದ್ದು?"

"ಏಳೂವರಿಗಿ ಸರ್. ಔರಾದಿನಾಗ" ಎಂದಳು ಪ್ರಣಾಲಿ.

"ಒಳಗೆ ಬ್ಯಾಟರಿ ಏನಾದರೂ?"

"ಇಲ್ಲ ಸರ್."

"ಯಾವುದಾದರೂ ರಾಸಾಯನಿಕ?"

"ಉಪ್ಪು ಅದ್ರಿ" ಎಂದಳು ಅಂಜನಾಬಾಯಿ. "ಜರಾ ಉಂಡು ನೋಡ್ರಿ, ಸರಿ ಅದ ಇಲ್ಲ ಹೇಳ್ರಿ."

ನಾಗಸೇನ ಸರ್ ಉಂಡರು. ಮತ್ತೊಂದು ತುಂಡು ರೊಟ್ಟಿ ಕೇಳಿ ಪಡೆದು ಉಂಡರು. ಬಹುಮಾನ ಕೊಡಲು ಅವರಿಂದಲೂ ಆಗಲಿಲ್ಲ. ಮೊದಲ ಬಹುಮಾನ ನೀರಿಲ್ಲದಾಗ ತಾನೇ ಕೂಗುವ ಟ್ಯಾಂಕಿಗೆ ಹೋಯಿತು, ಎರಡನೆಯದು, ಮೂರನೆಯದು ಎಲ್ಲಿಗೋ ಹೋದವು. ಹೆಸರು ಕರೆಯುವಾಗ ಖುರ್ಷಿದ ಬೇಗಂ, "ಬಹುಮಾನ ಕೊಡೋರು ಬ್ಯಾಳಿ ಉಂಡಿಲ್ಲೇನು?" ಎಂದು ಎಲ್ಲರಿಗೂ ಕೇಳಿಸುವ ಹಾಗೆ ಕೇಳಿದಳು. ವಹೀದಾ ಟೀಚರ್ ಅವಳ ಕೈ ಹಿಡಿದು ಕೂರಿಸಬೇಕಾಯಿತು. ಆದರೆ ಕಾರ್ಯಕ್ರಮ ಮುಗಿದ ಮೇಲೆ ನಾಗಸೇನ ಸರ್ ತಾವೇ ಅವರ ಮೇಜಿಗೆ ಬಂದರು.

"ಬಹುಮಾನದ ಮಾತು ಬಿಡ್ರಿ. ಈ ಜಿಲ್ಲೆಯಾಗ ಎಷ್ಟು ಶಾಲೆ ಅವ, ಎಷ್ಟು ಒಲೆ ಅವ? ಮೊದಲು ಭಾಲ್ಕಿ ತಾಲೂಕಿನ ಬಿಸಿಯೂಟದವರಿಗೆ ಇದನ್ನ ಕಲಿಸಬೇಕು. ನಾನು ಮಾತಾಡ್ತೀನಿ. ಕಲಿಸೋರು ಯಾರು, ಮೇಡಂ ನೀವಾ?"

ವಹೀದಾ ಟೀಚರ್ ಅಂಜನಾಬಾಯಿಯ ಕಡೆ ಕೈ ತೋರಿದರು.

ಅಂಜನಾಬಾಯಿ ಗಾಬರಿಯಾಗಿ ಹಿಂದೆ ನೋಡಿದಳು. ಹಿಂದೆ ಯಾರೂ ಇರಲಿಲ್ಲ.

ಹದಿನೈದು ದಿನದಲ್ಲಿ ಭಾಲ್ಕಿಯ ಒಂದು ಶಾಲೆಯ ಅಂಗಳದಲ್ಲಿ ಪೆಂಡಾಲು ಬಿತ್ತು. ತಾಲೂಕಿನ ಊರೂರಿನಿಂದ ಬಿಸಿಯೂಟದ ಹೆಂಗಸರು ಐವತ್ತಕ್ಕೂ ಹೆಚ್ಚು ಮಂದಿ ಕೂತಿದ್ದರು. ಕೆಲವರು ಕೈಕಟ್ಟಿಕೊಂಡು, ಇನ್ನು ಕೆಲವರು ಗಲ್ಲಕ್ಕೆ ಕೈಕೊಟ್ಟು. ಮೊದಲ ಸಾಲಿನಲ್ಲಿ, ಯಾರೂ ಕರೆಯದಿದ್ದರೂ, ಬೀದರಿನಿಂದ ಬಂದ ಖುರ್ಷಿದ ಬೇಗಂ ಹೊಸ ಬುರ್ಖಾ ತೊಟ್ಟು ಕೂತಿದ್ದಳು. ತಿಂಗಳ ಕೊನೆಗೆ ಬೀದರಿನಲ್ಲೊಂದು ಮದುವೆಯ ಅಡುಗೆ ಹಿಡಿದಿದ್ದಳು. ಬೇಳೆಯ ದಾಲ್ಚಾ ರಜಾಯಿಯಲ್ಲೇ ಬೇಯಿಸುವುದೆಂದು, ಅದಕ್ಕೊಂದು ಹೊಲಿದಿಡಲು ಇರ್ಫಾನನಿಗೆ ಆಗಲೇ ಹೇಳಿಬಿಟ್ಟಿದ್ದಳು.

ಪ್ರಣಾಲಿ ಮತ್ತು ಅರ್ಶಿಯಾ ನಾಲ್ಕು ಪುಟದ ಭಾಷಣ ಬರೆದುಕೊಟ್ಟಿದ್ದರು. ಜಾಗತಿಕ ತಾಪಮಾನ, ಇಂಗಾಲ, ನಮ್ಮೆಲ್ಲರ ಸಂಕಲ್ಪ. ಅಂಜನಾಬಾಯಿ ಎದ್ದು ನಿಂತಳು. ಮೈಕು ಕೈಗೆ ಬಂತು. ಅವಳು ಆ ನಾಲ್ಕು ಪುಟವನ್ನು ನೋಡಿದಳು, ಎದುರಿನ ಮುಖಗಳನ್ನು ನೋಡಿದಳು. ಒಬ್ಬೊಬ್ಬರ ಕೈಯಲ್ಲೂ ಒಲೆಯ ಕಲೆಗಳಿದ್ದವು, ತನ್ನ ಕೈಯಲ್ಲಿದ್ದಂಥವೇ.

ಕಾಗದ ಮಡಚಿ ಅರ್ಶಿಯಾಳ ಕೈಗೆ ಕೊಟ್ಟಳು.

"ಅಕ್ಕಗೋಳೇ, ತಂಗಿಗೋಳೇ" ಎಂದಳು. "ಭೂಮಿ ಯಾಕ ಕಾಯ್ತದ ಅಂತ ಈ ಹುಡುಗ್ಯಾರು ಚಂದಾಗಿ ಹೇಳ್ತಾರ, ನನಗ ಅಷ್ಟು ಬರೂದಿಲ್ಲ. ನಮ್ಮ ಅಡಗಿ ಕೋಲಿ ಬ್ಯಾಸಗಿಯಾಗ ಹ್ಯಾಂಗ ಕಾಯ್ತದ ಅನ್ನೋದು ಮಾತ್ರ ನಿಮಗೂ ಗೊತ್ತದ, ನನಗೂ ಗೊತ್ತದ. ದಿನಾ ಒಂದು ತಾಸಿಗಿಂತ ಹೆಚ್ಚು ಒಲಿ ಮುಂದ ನಿಲ್ಲೋದು ತಪ್ಪತದ. ಕೂತು ಚಾ ಕುಡೀಬಹುದು. ನಿಮಗ ಬೇಕೇನು, ಬ್ಯಾಡೇನು?"

"ಬೇಕ್ರಿ!" ಎಂದಿತು ಪೆಂಡಾಲು.

"ಬೇಕಂದ್ರ ಕೂತ್ರ ಆಗೂದಿಲ್ಲ. ಏಳ್ರಿ. ಮೊದಲು ಬ್ಯಾಳಿ ತೊಳೀರಿ."

ಐವತ್ತು ಹೆಂಗಸರು ಸೆರಗು ಸಿಕ್ಕಿಸಿಕೊಂಡು ಒಟ್ಟಿಗೇ ಎದ್ದರು.